ಮನೆಗೆ ಬಂದ ಮಾತ್ರೆ, ದಾರಿ ಸವೆಸುವ ಕಿರಣ

ಕ್ಯಾನ್ಸರ್ ಚಿಕಿತ್ಸೆಯ ಮೂರು ಮುಖ್ಯ ಮಾರ್ಗಗಳಾದ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ ಹಾಗೂ ಔಷಧ ಚಿಕಿತ್ಸೆಗಳಲ್ಲಿ ಕೊನೆಯದು ಬಹುಕಾಲ ರಕ್ತನಾಳದ ಮೂಲಕ ಹನಿಹನಿಯಾಗಿ ಇಳಿಸುವ ದ್ರವವಾಗಿಯೇ ರೋಗಿಗಳಿಗೆ ಪರಿಚಿತವಾಗಿತ್ತು; ಕಳೆದ ಎರಡೂವರೆ ದಶಕಗಳಲ್ಲಿ ಅದರ ಒಂದು ಭಾಗ ಮಾತ್ರೆಯ ರೂಪ ತಳೆದು ಆಸ್ಪತ್ರೆಯಿಂದ ಮನೆಗೆ ಬಂದಿದೆ. ವಿಕಿರಣ ಚಿಕಿತ್ಸೆ ಹಾಗೆ ಮನೆಗೆ ಬರುವಂಥದ್ದಲ್ಲ. ಯಂತ್ರವಿರುವಲ್ಲಿಗೆ ರೋಗಿಯೇ ಹೋಗಬೇಕು. ಮಂಡ್ಯಕ್ಕೆ ಸುಮಾರು 20, ಮೈಸೂರಿಗೆ 60, ಬೆಂಗಳೂರಿಗೆ 80 ಕಿಲೋಮೀಟರ್ ದೂರದಲ್ಲಿರುವ ಮದ್ದೂರಿನ ಜನರಿಗೆ ಈ ವ್ಯತ್ಯಾಸ ಕೇವಲ ವೈದ್ಯಶಾಸ್ತ್ರದ್ದಾಗಿ ಉಳಿಯದೆ ಬಸ್ಸಿನ ವೇಳೆ, ಕೂಲಿ, ಅಡುಗೆಮನೆ, ಮೊಮ್ಮಕ್ಕಳು ಇವೆಲ್ಲವನ್ನೂ ತಟ್ಟುವ ವಿಷಯವಾಗುತ್ತದೆ.

ಮುಂದಿನ ಸಂವಾದ ಮದ್ದೂರಿನ ಮೂವರ ನಡುವೆ ನಡೆಯುತ್ತದೆ. ಇವರಲ್ಲಿ ಯಾರೂ ನಿರ್ದಿಷ್ಟ ವ್ಯಕ್ತಿಯ ಪ್ರತಿರೂಪವಲ್ಲ. ಆಸ್ಪತ್ರೆಯ ಬೆಂಚುಗಳ ಮೇಲೆ ಸರದಿಗಾಗಿ ಕಾಯುವವರು ಪರಸ್ಪರ ಕೇಳಿಕೊಳ್ಳುವ ಪ್ರಶ್ನೆಗಳನ್ನು ಕೂಡಿಸಿ, ಆಡುಮಾತನ್ನು ಗ್ರಂಥಭಾಷೆಗೆ ತಿರುಗಿಸಿ, ಇಲ್ಲಿ ಮೂರು ದನಿಗಳಿಗೆ ಹಂಚಲಾಗಿದೆ. ಉಪಾಧ್ಯಾಯರು ನಿವೃತ್ತರು, ಗಂಟಲಿನ ಕ್ಯಾನ್ಸರ್‌ಗೆ ಏಳು ವಾರಗಳ ವಿಕಿರಣ ಪಡೆದು ಚೇತರಿಸಿಕೊಂಡವರು. ರೈತ ಮಹಿಳೆ ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯ ಬಳಿಕ ಕ್ಯಾಪೆಸಿಟಬಿನ್ ಎಂಬ ಕೀಮೋ ಮಾತ್ರೆಯನ್ನು ಸೇವಿಸುತ್ತಿರುವವರು. ದಾದಿ ಕ್ಯಾನ್ಸರ್ ವಾರ್ಡಿನಲ್ಲಿ ಬಹಳ ಕಾಲ ದುಡಿದು ಊರಿಗೆ ಮರಳಿದವರು. ಮಾತು ಹೊರಡುವುದು ನಾಲ್ಕನೆಯ ವ್ಯಕ್ತಿಯೊಬ್ಬರ ಕಾರಣದಿಂದ, ಅವರು ಸ್ಥಳದಲ್ಲಿಲ್ಲ.

ಉಪಾಧ್ಯಾಯರು: ಮಳವಳ್ಳಿಯಲ್ಲಿರುವ ತಂಗಿಗೆ ಗುದನಾಳದಲ್ಲಿ, ಅಂದರೆ ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ, ಗೆಡ್ಡೆಯಿದೆಯೆಂದು ಗೊತ್ತಾಗಿದೆ. ಶಸ್ತ್ರಚಿಕಿತ್ಸೆಗೆ ಮುನ್ನ ಅದನ್ನು ಕುಗ್ಗಿಸಬೇಕೆಂದೂ ಅದಕ್ಕೆ ಎರಡು ದಾರಿಗಳಿವೆಯೆಂದೂ ವೈದ್ಯರು ಹೇಳಿದ್ದಾರೆ: ಐದೂವರೆ ವಾರ ವಿಕಿರಣ ಮತ್ತು ಅದರೊಂದಿಗೆ ಮಾತ್ರೆ, ಇಲ್ಲವೇ ಐದೇ ದಿನ ಹೆಚ್ಚಿನ ಪ್ರಮಾಣದ ವಿಕಿರಣ, ಅನಂತರ ಕೆಲವು ತಿಂಗಳು ಕೀಮೋ. ಕಿರಣದ ಕಷ್ಟ ಉಂಡವರು ಅದನ್ನು ಒಡಹುಟ್ಟಿದವಳಿಗೆ ಹೇಳಲಾರರು. ಬರೀ ಮಾತ್ರೆಯಿಂದ ಆಗುವುದಾದರೆ ಅದೇ ಲೇಸಲ್ಲವೇ, ಸಿಸ್ಟರ್?

ರೈತ ಮಹಿಳೆ: ಮೇಷ್ಟ್ರೇ, ಮಾತ್ರೆಯನ್ನು ಅಷ್ಟು ಹಗುರವಾಗಿ ಎಣಿಸಬೇಡಿ. ಐದು ದಿನದಲ್ಲಿ ಮುಗಿಯುವ ಕಿರಣವೊಂದಿದ್ದರೆ ಅದನ್ನೇ ಮಾಡಿಸಿ ಬಿಡಿ. ಆಸ್ಪತ್ರೆಯಲ್ಲಿ ಪಡುವ ಕಷ್ಟ ಆಸ್ಪತ್ರೆಯಲ್ಲಿಯೇ ಮುಗಿಯುತ್ತದೆ. ಮಾತ್ರೆಯದು ಅಡುಗೆಮನೆಯವರೆಗೂ ಬರುತ್ತದೆ.

ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಪ್ರತಿಯೊಬ್ಬರೂ ತಾವು ಪಡೆದ ಚಿಕಿತ್ಸೆಯನ್ನು ಬೇಡವೆಂದು, ಪಡೆಯದ ಚಿಕಿತ್ಸೆಯನ್ನು ಸುಲಭವೆಂದು ಭಾವಿಸುತ್ತಾರೆ. ರೋಗಿಗಳು ಅನುಭವಗಳನ್ನು ಹೋಲಿಸುವಾಗ ಇದು ಮತ್ತೆ ಮತ್ತೆ ಕಾಣುವ ಪ್ರವೃತ್ತಿ. ಅದರಲ್ಲಿ ಅಜ್ಞಾನಕ್ಕಿಂತ ಹೆಚ್ಚಾಗಿ ಅಕ್ಕರೆಯಿದೆ, ಆದ್ದರಿಂದಲೇ ಅದನ್ನು ತಳ್ಳಿಹಾಕದೆ ಬಿಡಿಸಿ ನೋಡಬೇಕಾಗುತ್ತದೆ.

ದಾದಿ: ಮೇಷ್ಟ್ರೇ, ಮೊದಲು ಎರಡೂ ಏನು ಮಾಡುತ್ತವೆಯೆಂಬುದನ್ನು ನೋಡೋಣ. ವಿಕಿರಣ ದೇಹದ ಒಂದು ಗೊತ್ತಾದ ಜಾಗಕ್ಕೆ ಮಾತ್ರ ಬೀಳುತ್ತದೆ. ಅಲ್ಲಿ ಕೋಶಗಳ ಒಳಗಿನ ವಂಶವಾಹಿ ಎಳೆಗಳನ್ನು ಕತ್ತರಿಸುತ್ತದೆ. ತುಂಡಾದ ಎಳೆಯನ್ನು ಆರೋಗ್ಯವಂತ ಕೋಶ ಮರುದಿನದೊಳಗೆ ಬಹುಮಟ್ಟಿಗೆ ಸರಿಪಡಿಸಿಕೊಳ್ಳುತ್ತದೆ, ಕ್ಯಾನ್ಸರ್ ಕೋಶಕ್ಕೆ ಆ ಶಕ್ತಿ ಕಡಿಮೆ. ಒಟ್ಟು ಪ್ರಮಾಣವನ್ನು ಒಂದೇ ಸಲಕ್ಕೆ ಕೊಡದೆ ಕಂತುಗಳಾಗಿ ಒಡೆಯುವುದಕ್ಕೆ ಇದೇ ಕಾರಣ. ಪ್ರಮಾಣವನ್ನು ಅಳೆಯುವ ಮಾನಕ್ಕೆ ಗ್ರೇ ಎಂದು ಹೆಸರು. ಗಂಟಲಿಗೆ ಸಾಮಾನ್ಯವಾಗಿ 70 ಗ್ರೇಯನ್ನು 35 ಕಂತುಗಳಲ್ಲಿ, ವಾರಕ್ಕೆ ಐದು ದಿನದಂತೆ ಏಳು ವಾರ ಕೊಡುತ್ತಾರೆ. ಮಾತ್ರೆಯಾದರೋ ರಕ್ತಕ್ಕೆ ಸೇರಿ ಇಡೀ ದೇಹವನ್ನು ಸುತ್ತುತ್ತದೆ. ಕ್ಯಾಪೆಸಿಟಬಿನ್ ಹೊಟ್ಟೆಗೆ ಹೋಗುವಾಗ ಪೂರ್ಣ ಔಷಧವೇ ಅಲ್ಲ. ಯಕೃತ್ತಿನಲ್ಲಿ ಎರಡು ಹಂತ ದಾಟಿ, ಕೊನೆಯ ಹಂತದಲ್ಲಿ ಗೆಡ್ಡೆಯೊಳಗೆ ಹೆಚ್ಚಾಗಿರುವ ಒಂದು ಕಿಣ್ವದಿಂದ 5-ಫ್ಲೋರೋಯುರಾಸಿಲ್ ಎಂಬ ಹಳೆಯ ಕೀಮೋ ಔಷಧವಾಗಿ ಮಾರ್ಪಡುತ್ತದೆ. ಆ ಹಳೆಯ ಔಷಧ 1957ರಷ್ಟು ಹಿಂದಿನದು. ಅದನ್ನು ರಕ್ತನಾಳದ ಮೂಲಕವೇ ಕೊಡಬೇಕಾಗಿತ್ತು. ಮಾತ್ರೆಗೆ ಅಮೆರಿಕದಲ್ಲಿ ಮೊದಲ ಅನುಮತಿ ಸಿಕ್ಕಿದ್ದು 1998ರಲ್ಲಿ. ಶಸ್ತ್ರಚಿಕಿತ್ಸೆಯಾದ ದೊಡ್ಡ ಕರುಳಿನ ಕ್ಯಾನ್ಸರ್‌ನ ಸುಮಾರು 2,000 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಎಕ್ಸ್-ಆಕ್ಟ್ ಅಧ್ಯಯನದಲ್ಲಿ ಮಾತ್ರೆ ಹಳೆಯ ಚುಚ್ಚುಮದ್ದಿಗೆ ಕಡಿಮೆಯಿಲ್ಲವೆಂದು ತೋರಿತು. ಅಂದಮೇಲೆ ಮಾತ್ರೆಯೆಂದರೆ ಕೀಮೋವೇ, ಅದರ ತೆಳುವಾದ ರೂಪವಲ್ಲ.

ಉಪಾಧ್ಯಾಯರು: ಕಂತುಗಳೆಂದು ಹೇಳುವಾಗ ಅದು ಸಾಲ ತೀರಿಸುವಷ್ಟು ಸರಳವಾಗಿ ಕೇಳುತ್ತದೆ. ಮೊದಲ ದಿನ ಬಿಸಿನೀರಿನಲ್ಲಿ ಮೆದುವಾದ ಪ್ಲಾಸ್ಟಿಕ್ ಹಾಳೆಯನ್ನು ಮುಖದ ಮೇಲೆ ಒತ್ತಿ, ಅದು ತಣಿದು ಗಟ್ಟಿಯಾಗುವವರೆಗೆ ಅಲುಗದೆ ಮಲಗಿಸಿ, ಮೂಗು ಗಲ್ಲಗಳ ಅಚ್ಚು ತೆಗೆಯುತ್ತಾರೆ; ಮುಂದೆ ಪ್ರತಿ ದಿನ ಆ ಅಚ್ಚನ್ನು ತೊಡಿಸಿ ತಲೆಯನ್ನು ಮೇಜಿಗೆ ಬಿಗಿಯುತ್ತಾರೆ. ಕಿರಣ ಬೀಳುವಾಗ ನೋವಿಲ್ಲ, ಶಾಖವಿಲ್ಲ. ಹಳ್ಳಿಗಳಲ್ಲಿ ಅದನ್ನು ಕರೆಂಟ್ ಕೊಡುವುದೆಂದು ಕರೆಯುವುದರಿಂದ ಅನೇಕರು ಮೊದಲ ದಿನ ಮೈ ಬಿಗಿ ಹಿಡಿದು ನಡುಗುತ್ತಾರೆ, ಆ ಭಯಕ್ಕೆ ಕಾರಣವಿಲ್ಲ. ನೋವು ಬರುವುದು ಮೂರನೆಯ ವಾರದ ಸುಮಾರಿಗೆ. ಬಾಯಿಯ ಒಳಪೊರೆ ಕಿತ್ತು ಹುಣ್ಣಾಗುತ್ತದೆ, ಎಂಜಲು ಗೋಂದಿನಂತೆ ಅಂಟಾಗುತ್ತದೆ, ನಾಲಿಗೆಗೆ ಎಳನೀರೂ ಸಪ್ಪೆ, ಸಾರಿನ ಉಪ್ಪೂ ಉರಿ. ಮದ್ದೂರು ವಡೆಯ ಮಾತು ಬಿಡಿ. ಆ ಗರಿಗರಿಯ ಅಂಚು ಹುಣ್ಣಿಗೆ ತಾಗುವುದನ್ನು ನೆನೆದರೇ ಕಣ್ಣಲ್ಲಿ ನೀರು ಬರುತ್ತದೆ. ಆ ಹೊತ್ತಿನಲ್ಲಿ ಕೈಹಿಡಿದದ್ದು ಮುದ್ದೆ. ಅಗಿಯದೆ ನುಂಗುವ ಅಭ್ಯಾಸ ಹುಟ್ಟಿನಿಂದಲೇ ಇರುವ ಜನಕ್ಕೆ ಮೆತ್ತಗೆ ತೊಳಸಿದ ಸಣ್ಣ ಉಂಡೆಯನ್ನು ಕಾರವಿಲ್ಲದ ಬಸ್ಸಾರಿನಲ್ಲಿ ಅದ್ದಿ ಇಳಿಸುವುದು ಇನ್ನೂ ಕೆಲವು ದಿನ ಸಾಧ್ಯವಾಗುತ್ತದೆ. ಆಮೇಲೆ ಅಂಬಲಿ, ಆಮೇಲೆ ಮೂಗಿನ ನಳಿಕೆ.

ದಾದಿ: ನಳಿಕೆ ಹಾಕಿದರೆ ಕಥೆ ಮುಗಿಯಿತೆಂದು ಮನೆಯವರು ಅಳುತ್ತಾರೆ. ತೂಕ ಇಳಿಯದಂತೆ ನೋಡಿಕೊಳ್ಳುವುದಕ್ಕಾಗಿ ಹಾಕುವ ನಳಿಕೆ ಅದು. ತೂಕ ಇಳಿದರೆ ಮುಖದ ಅಚ್ಚು ಸಡಿಲವಾಗುತ್ತದೆ, ಕಿರಣ ಬೀಳಬೇಕಾದ ಜಾಗವೇ ಸರಿಯುತ್ತದೆ. ಇನ್ನೊಂದು ಮಾತನ್ನು ಚಿಕಿತ್ಸೆ ಆರಂಭವಾಗುವ ಮುನ್ನವೇ ಹೇಳಬೇಕು: ಹುಳುಕು ಹಲ್ಲುಗಳನ್ನು ಮೊದಲೇ ಕೀಳಿಸಿ ಗಾಯ ಮಾಯಲು ಎರಡು ಮೂರು ವಾರ ಬಿಡಬೇಕು. ವಿಕಿರಣ ಪಡೆದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಕೊಳೆಯುವ ಅಪಾಯ ವರ್ಷಗಳವರೆಗೂ ಇರುತ್ತದೆ.

ಉಪಾಧ್ಯಾಯರು: ಇಷ್ಟೆಲ್ಲಕ್ಕಿಂತ ದಾರಿ ದೊಡ್ಡದು. ಮೇಜಿನ ಮೇಲೆ ಹತ್ತು ಹದಿನೈದು ನಿಮಿಷ. ಅದಕ್ಕಾಗಿ ಇಡೀ ದಿನ. ಬೆಂಗಳೂರಿನ ಆಸ್ಪತ್ರೆಗೆ ದಿನವೂ ಹೋಗಿ ಬರುವುದಾದರೆ 35 ಕಂತಿಗೆ 5,600 ಕಿಲೋಮೀಟರ್. 2023ರಲ್ಲಿ ಎಕ್ಸ್‌ಪ್ರೆಸ್ ವೇ ಇದೇ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾಯಿತು; ವೇಗದ ಬಸ್ಸುಗಳು ಊರನ್ನು ಬದಿಗಿಟ್ಟು ಹೋಗುತ್ತವೆ, ಬಾಯಿ ಹುಣ್ಣಾದವನು ನಿಲ್ಲುವ ಬಸ್ಸನ್ನೇ ಕಾಯಬೇಕು. ಹಬ್ಬವೆಂದು, ಕಬ್ಬಿನ ಕಟಾವೆಂದು, ಸಾವಿನ ಮನೆಯೆಂದು ಒಂದೊಂದು ದಿನ ತಪ್ಪಿಸಿದರೆ ಆಗುವುದೇನು ಎಂಬ ಪ್ರಶ್ನೆ ನಾಲ್ಕನೆಯ ವಾರ ಎಲ್ಲರಿಗೂ ಬರುತ್ತದೆ.

ದಾದಿ: ಆ ಪ್ರಶ್ನೆಗೆ ಉತ್ತರ ಕಟುವಾದದ್ದು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗಳಲ್ಲಿ ಮೂರು ನಾಲ್ಕು ವಾರ ಕಳೆದ ಮೇಲೆ, ಉಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ವೇಗವಾಗಿ ಬೆಳೆಯತೊಡಗುತ್ತವೆ. ಆಗ ತಪ್ಪಿದ ಪ್ರತಿ ದಿನವೂ ರೋಗಕ್ಕೆ ಸಿಕ್ಕ ದಿನ. ಯಂತ್ರ ಕೆಟ್ಟು ದಿನ ತಪ್ಪಿದರೆ ಶನಿವಾರ ಕರೆಸಿ, ಅಥವಾ ಒಂದೇ ದಿನ ಆರು ಗಂಟೆಗಳಿಗೆ ಕಡಿಮೆಯಿಲ್ಲದ ಅಂತರದಲ್ಲಿ ಎರಡು ಕಂತು ಕೊಟ್ಟು ತುಂಬಿಸಿಕೊಳ್ಳುವುದುಂಟು. ಮನೆಯ ಕಾರಣಕ್ಕೆ ತಪ್ಪಿದರೆ ಅದನ್ನು ಹೇಳಿ ಕೇಳುವ ಸಂಕೋಚದಲ್ಲಿ ಜನ ಸುಮ್ಮನಾಗುತ್ತಾರೆ. ಸುಮ್ಮನಾಗಬಾರದು.

ರೈತ ಮಹಿಳೆಯ ಅನುಭವ ಇದಕ್ಕೆ ಬೇರೆಯೇ ಬಗೆಯದು. ಆಕೆಯ ಚಿಕಿತ್ಸೆಯಲ್ಲಿ ದಾರಿ ಕಡಿಮೆ. ಮೂರು ವಾರಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿ ಮುಂದಿನ ಸುತ್ತಿನ ಮಾತ್ರೆ ತರುವುದು ಬಿಟ್ಟರೆ ಆಸ್ಪತ್ರೆಯ ಗೊಡವೆಯಿಲ್ಲ. ಹದಿನಾಲ್ಕು ದಿನ ಮಾತ್ರೆ, ಏಳು ದಿನ ಬಿಡುವು, ಹೀಗೆ ಇಪ್ಪತ್ತೊಂದು ದಿನಗಳದು ಒಂದು ಸುತ್ತು. ಅಂಥ ಎಂಟು ಸುತ್ತುಗಳು ಸುಮಾರು ಆರು ತಿಂಗಳಾಗುತ್ತವೆ.

ರೈತ ಮಹಿಳೆ: ಬೆಳಿಗ್ಗೆ ನಾಲ್ಕು, ರಾತ್ರಿ ಮೂರು, ಊಟವಾದ ಅರ್ಧ ಗಂಟೆಯೊಳಗೆ ನುಂಗಬೇಕು. ಬೆಳಿಗ್ಗೆ ಹಾಲು ಕರೆದು, ಗದ್ದೆಗೆ ನೀರು ಬಿಟ್ಟು ಬಂದು ಹನ್ನೊಂದಕ್ಕೆ ಉಣ್ಣುವವಳಿಗೆ ರಾತ್ರಿಯ ಮಾತ್ರೆ ಹನ್ನೊಂದಕ್ಕೇ ಬೀಳುತ್ತದೆ. ಎರಡರ ನಡುವೆ ಹನ್ನೆರಡು ಗಂಟೆಯ ಅಂತರ ಬೇಕೆಂದು ಹೇಳಿದವರಿಗೆ ಮನೆಯ ಗಡಿಯಾರ ಗೊತ್ತಿರಲಿಲ್ಲ. ಎರಡನೆಯ ಸುತ್ತಿಗೆ ಅಂಗೈ ಅಂಗಾಲು ಕೆಂಪಾದವು. ಮೂರನೆಯದಕ್ಕೆ ಸಿಪ್ಪೆ ಸುಲಿಯಿತು. ಬಿಸಿ ಮುದ್ದೆಯನ್ನು ಕೈಯಲ್ಲಿ ಕಟ್ಟುವಂತಿಲ್ಲ, ಕುಡುಗೋಲಿನ ಹಿಡಿ ಹಿಡಿಯುವಂತಿಲ್ಲ, ಬರಿಗಾಲಲ್ಲಿ ಬದುವಿನ ಮೇಲೆ ನಡೆಯುವಂತಿಲ್ಲ. ತಲೆಕೂದಲು ಮಾತ್ರ ಹಾಗೆಯೇ ಇದೆ. ಕೂದಲು ಇರುವುದರಿಂದ ಕಾಯಿಲೆಯೇ ಇಲ್ಲವೆಂದು ನಾಟಿಗೆ ಕರೆಯುತ್ತಾರೆ, ಬಾರದಿದ್ದರೆ ಮೈಗಳ್ಳಿಯೆನ್ನುತ್ತಾರೆ.

ದಾದಿ: ಇದಕ್ಕೆ ಕೈ-ಕಾಲು ಲಕ್ಷಣವೆಂದು ವೈದ್ಯಶಾಸ್ತ್ರದಲ್ಲಿ ಹೆಸರಿದೆ. ಬಿಸಿನೀರು, ತಿಕ್ಕಾಟ, ಬಿಗಿಯಾದ ಚಪ್ಪಲಿ ತಪ್ಪಿಸಿ ಚರ್ಮ ಒಣಗದಂತೆ ಲೇಪ ಹಚ್ಚುತ್ತಿರಬೇಕು; ನೋವಿನಿಂದ ಕೆಲಸ ನಿಂತರೆ ಮಾತ್ರೆಯನ್ನೇ ತಡೆದು ಮುಂದಿನ ಸುತ್ತಿನಲ್ಲಿ ಪ್ರಮಾಣ ಇಳಿಸುತ್ತಾರೆ.

ರೈತ ಮಹಿಳೆ: ನ್ಯಾಯಬೆಲೆ ಅಂಗಡಿಯವರಿಗೆ ಆ ಹೆಸರು ಗೊತ್ತಿಲ್ಲ, ಸಿಸ್ಟರ್. ಹೆಬ್ಬೆಟ್ಟನ್ನು ಯಂತ್ರದ ಮೇಲೆ ನಾಲ್ಕು ಸಲ ಒತ್ತಿಸಿ, ಸೀರೆಯ ಸೆರಗಿನಿಂದ ಒರೆಸಿಸಿ, ಐದನೆಯ ಸಲವೂ ಗುರುತು ಸಿಗದಿದ್ದಾಗ ಅಕ್ಕಿ ಕೊಡದೆ ಕಳಿಸಿದರು. ಬೆರಳನ್ನು ಬೆಳಕಿಗೆ ಹಿಡಿದು ನೋಡಿದರೆ ಗೆರೆಗಳೇ ಇಲ್ಲ, ನೀರಲ್ಲಿ ನೆನೆದ ಬಾದಾಮಿಯ ಹಾಗೆ ನುಣುಪು.

ಇದು ಕ್ಷುಲ್ಲಕ ದೂರಲ್ಲ. ಕ್ಯಾಪೆಸಿಟಬಿನ್ ಸೇವಿಸುವವರಲ್ಲಿ ಬೆರಳಚ್ಚು ಅಳಿಸಿಹೋಗುವುದು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿದೆ. ಸಿಂಗಪುರದ ರೋಗಿಯೊಬ್ಬರನ್ನು ಇದೇ ಕಾರಣಕ್ಕೆ ಅಮೆರಿಕದ ವಿಮಾನ ನಿಲ್ದಾಣದಲ್ಲಿ ಗಂಟೆಗಟ್ಟಲೆ ತಡೆದ ಪ್ರಸಂಗ 2009ರಲ್ಲಿ ಪ್ರಕಟವಾಗಿತ್ತು. ಅಲ್ಲಿ ತಡೆದದ್ದು ಪ್ರಯಾಣವನ್ನು. ಪಡಿತರ, ಪಿಂಚಣಿ, ಬ್ಯಾಂಕಿನ ಹಣ ಎಲ್ಲವೂ ಹೆಬ್ಬೆಟ್ಟಿನ ಮೇಲೆ ನಿಂತಿರುವ ಹಳ್ಳಿಯಲ್ಲಿ ತಡೆಯುವುದು ಊಟವನ್ನು. ಆಧಾರ್ ದೃಢೀಕರಣಕ್ಕೆ ಕಣ್ಣಿನ ಪಾಪೆಯ ಗುರುತು ಮತ್ತು ಮೊಬೈಲಿಗೆ ಬರುವ ಒಟಿಪಿ ಎಂಬ ಬೇರೆ ದಾರಿಗಳಿರುವುದರಿಂದ, ಮಾತ್ರೆ ಆರಂಭಿಸುವ ದಿನವೇ ಮೊಬೈಲ್ ಸಂಖ್ಯೆಯನ್ನು ಆಧಾರ್‌ಗೆ ಜೋಡಿಸಿಕೊಳ್ಳುವಂತೆ ಹೇಳುವುದು ಔಷಧದ ಸೂಚನೆಗಳಷ್ಟೇ ಅಗತ್ಯವೆಂದು ಇಲ್ಲಿ ಒತ್ತಿ ಹೇಳಬೇಕಾಗಿದೆ.

ದಾದಿ: ಕೈಕಾಲಿನ ಕಷ್ಟ ಜೀವ ತೆಗೆಯುವುದಿಲ್ಲ, ಭೇದಿ ಮತ್ತು ಜ್ವರ ತೆಗೆಯುತ್ತವೆ. ಎಂದಿಗಿಂತ ನಾಲ್ಕು ಸಲ ಹೆಚ್ಚು ಭೇದಿಯಾದರೆ, ರಾತ್ರಿ ಎದ್ದು ಹೋಗುವಂತಾದರೆ, ಬಾಯಿ ಹುಣ್ಣಾಗಿ ಊಟ ಬಿಟ್ಟರೆ, ಎದೆ ನೋವು ಕಂಡರೆ, ಅಥವಾ ಜ್ವರ 100.4 ಡಿಗ್ರಿ ದಾಟಿದರೆ ಮುಂದಿನ ಮಾತ್ರೆಯನ್ನು ನುಂಗದೆ ಆಸ್ಪತ್ರೆಗೆ ಫೋನು ಮಾಡಬೇಕು. ಕೆಲವರ ದೇಹದಲ್ಲಿ ಈ ಔಷಧವನ್ನು ಕರಗಿಸುವ ಡಿಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ. ಅಂಥವರಿಗೆ ಮೊದಲ ಸುತ್ತಿನಲ್ಲಿಯೇ ಔಷಧ ವಿಷವಾಗುತ್ತದೆ. ಡ್ರಿಪ್ ಹಾಕುವಾಗ ಅದನ್ನು ನಿಲ್ಲಿಸಲು ಪಕ್ಕದಲ್ಲಿ ದಾದಿಯಿರುತ್ತಾಳೆ. ಮಾತ್ರೆಯ ವಿಷಯದಲ್ಲಿ ಆ ದಾದಿ ಯಾರು?

ರೈತ ಮಹಿಳೆ: ಒಂಬತ್ತನೆಯ ತರಗತಿಯ ಮಗಳು. ಕ್ಯಾಲೆಂಡರಿನ ಮೇಲೆ ಗೆರೆ ಎಳೆಯುವವಳು, ಥರ್ಮಾಮೀಟರ್ ನೋಡುವವಳು ಅವಳೇ. ಮೂರನೆಯ ಸುತ್ತಿನಲ್ಲಿ ಭೇದಿ ಹಿಡಿದಾಗ ಮಾತ್ರೆ ಬಿಟ್ಟರೆ ಕ್ಯಾನ್ಸರ್ ತಿರುಗಿ ಬರುತ್ತದೆಯೆಂಬ ಭಯದಲ್ಲಿ, ತಾಯಿ ಬೇಡವೆಂದರೂ ಎರಡು ದಿನ ಅವಳೇ ಬಲವಂತದಿಂದ ನುಂಗಿಸಿದಳು. ಆಸ್ಪತ್ರೆಗೆ ಸೇರಿಸಿ ಗ್ಲೂಕೋಸ್ ಕೊಡಿಸಬೇಕಾಯಿತು. ಆ ಮಗುವಿನ ತಪ್ಪೇನಿದೆ? ಬಿಡಬಾರದೆಂದು ಎಲ್ಲರೂ ಹೇಳಿದ್ದರು. ಯಾವಾಗ ಬಿಡಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮಾತ್ರೆ ಕೊಡುವುದೆಂದರೆ ಆಸ್ಪತ್ರೆಯ ಒಂದು ಪಾಲು ಕೆಲಸವನ್ನು ಮನೆಗೆ ವರ್ಗಾಯಿಸುವುದು. ವರ್ಗಾವಣೆಯಾದ ಕೆಲಸಕ್ಕೆ ತರಬೇತಿ ಕೊಡದಿದ್ದರೆ ಅದರ ಭಾರ ಮನೆಯಲ್ಲಿ ಓದುಬರಹ ಬಲ್ಲ ಅತಿ ಕಿರಿಯ ವ್ಯಕ್ತಿಯ ಮೇಲೆ ಬೀಳುತ್ತದೆ. ಮಂಡ್ಯ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಆ ವ್ಯಕ್ತಿ ಶಾಲೆಗೆ ಹೋಗುವ ಹುಡುಗಿ. ಈ ಸಂವಾದದಲ್ಲಿ ಬೇರಾವ ಮಾತು ಮರೆತರೂ ಇದು ಮರೆಯತಕ್ಕದ್ದಲ್ಲ.

ಉಪಾಧ್ಯಾಯರು: ಮಕ್ಕಳ ಮಾತು ಬಂದದ್ದರಿಂದ ಕೇಳುವುದು. ವಿಕಿರಣ ನಡೆಯುತ್ತಿದ್ದ ಏಳು ವಾರವೂ ಮೊಮ್ಮಗನನ್ನು ಹತ್ತಿರ ಸೇರಿಸಲಿಲ್ಲ. ತಟ್ಟೆ ಲೋಟ ಬೇರೆ, ಹಾಸಿಗೆ ಬೇರೆ. ಮೈಯಿಂದ ಕಿರಣ ಹೊರಡುತ್ತದೆಂದು ನೆಂಟರು ಹೇಳಿದ್ದರು.

ದಾದಿ: ಹೊರಗಿನ ಯಂತ್ರದಿಂದ ಕೊಡುವ ಕಿರಣ ದೇಹದಲ್ಲಿ ಉಳಿಯುವುದಿಲ್ಲ, ಮೇಷ್ಟ್ರೇ, ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯದಂತೆ. ಮೇಜಿನಿಂದ ಇಳಿದ ಕ್ಷಣವೇ ಮೊಮ್ಮಗನನ್ನು ಎತ್ತಿಕೊಳ್ಳಬಹುದಾಗಿತ್ತು. ಥೈರಾಯ್ಡ್ ಕ್ಯಾನ್ಸರ್‌ಗೆ ಕುಡಿಸುವ ವಿಕಿರಣಶೀಲ ಅಯೋಡಿನ್ನಿನಂಥ ಕೆಲವು ಚಿಕಿತ್ಸೆಗಳಲ್ಲಿ ಮಾತ್ರ ಕೆಲವು ದಿನ ದೂರವಿರಬೇಕಾಗುತ್ತದೆ. ನಿಜವಾಗಿ ಎಚ್ಚರ ಬೇಕಾದದ್ದು ಮಾತ್ರೆಯ ಮನೆಯಲ್ಲಿ. ಕೀಮೋ ಮಾತ್ರೆಯನ್ನು ಪುಡಿ ಮಾಡಬಾರದು, ಒಡೆಯಬಾರದು. ಗರ್ಭಿಣಿಯರೂ ಮಕ್ಕಳೂ ಬರಿಗೈಯಲ್ಲಿ ಮುಟ್ಟಬಾರದು. ಅದರ ಅಂಶ ಮಲಮೂತ್ರದಲ್ಲಿಯೂ ಹೋಗುವುದರಿಂದ ಶೌಚಾಲಯಕ್ಕೆ ಹೆಚ್ಚು ನೀರು ಹಾಕಬೇಕು. ವಾಂತಿಯಾದ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು.

ರೈತ ಮಹಿಳೆ: ಹಾಗಾದರೆ ಮಗಳು ದಿನವೂ ಮಾತ್ರೆ ಬಿಡಿಸಿ ಅಂಗೈಗೆ ಹಾಕುತ್ತಿದ್ದದ್ದು?

ದಾದಿ: ಇನ್ನು ಮುಂದೆ ಪಟ್ಟಿಯನ್ನು ತಾಯಿಯೇ ಬಿಡಿಸಲಿ, ಲೆಕ್ಕ ಮಾತ್ರ ಮಗಳು ನೋಡಲಿ. ಆದದ್ದಕ್ಕೆ ಹೆದರಬೇಡಿ, ತಾಯಿ. ಮಾತ್ರೆಯ ಮೇಲಿನ ಲೇಪ ಒಡೆಯದಿದ್ದರೆ ಅಪಾಯ ತೀರ ಕಡಿಮೆ.

ಕಿರಣ ಪಡೆದ ತಾತನಿಂದ ಮಗುವನ್ನು ದೂರವಿರಿಸಿ, ಮಾತ್ರೆಯ ಪಟ್ಟಿಯನ್ನು ಮಗುವಿನ ಕೈಗೆ ಕೊಡುವ ಈ ತಲೆಕೆಳಗಾದ ಎಚ್ಚರಿಕೆ ಮೂಢನಂಬಿಕೆಯಿಂದ ಹುಟ್ಟಿದ್ದಲ್ಲ. ವಿಕಿರಣ ಕೊಡುವ ಕೋಣೆಯ ದಪ್ಪ ಬಾಗಿಲು ಮತ್ತು ಅಪಾಯದ ಚಿಹ್ನೆ ಕಣ್ಣಿಗೆ ಕಾಣುತ್ತವೆ. ಕೀಮೋ ಮಾತ್ರೆಯೋ ನೆಗಡಿಯ ಮಾತ್ರೆಯ ಹಾಗೆಯೇ ಬೆಳ್ಳಿಹಾಳೆಯಲ್ಲಿ ಬರುತ್ತದೆ.

ರೈತ ಮಹಿಳೆ: ಮಾತ್ರೆಗಳೆಲ್ಲ ಒಂದೇ ಎಂದು ತಿಳಿದವರೂ ಇದ್ದಾರೆ. ಮೆದುಳಿನ ಗೆಡ್ಡೆಯ ಹುಡುಗನೊಬ್ಬನ ತಾಯಿ, ಅವನ ಮಾತ್ರೆಯನ್ನೂ ಊಟದ ಮೇಲೆಯೇ ಕೊಡಬೇಕಲ್ಲವೇ ಎಂದು ಕೇಳಿದ್ದರು.

ದಾದಿ: ಅದು ಟೆಮೊಜೊಲೊಮೈಡ್ ಆಗಿದ್ದರೆ ಖಾಲಿ ಹೊಟ್ಟೆಯಲ್ಲಿಯೇ ನುಂಗಬೇಕು, ಆರು ವಾರದ ವಿಕಿರಣದೊಂದಿಗೆ ದಿನವೂ, ಆಮೇಲೆ ತಿಂಗಳಿಗೆ ಐದು ದಿನ. ಅದಕ್ಕಿಂತ ಅಪಾಯದ ಗೊಂದಲ ಮೆಥೊಟ್ರೆಕ್ಸೇಟ್‌ನದು. ಬಾಯಿ ಗಂಟಲಿನ ಕ್ಯಾನ್ಸರ್ ಗುಣಪಡಿಸಲಾಗದ ಹಂತಕ್ಕೆ ಹೋದಾಗ ಇದನ್ನು ವಾರಕ್ಕೊಮ್ಮೆ, ಸೆಲೆಕಾಕ್ಸಿಬ್ ಎಂಬ ನೋವಿನ ಮಾತ್ರೆಯನ್ನು ದಿನವೂ ಕೊಡುವ ಕ್ರಮವಿದೆ. ಸಣ್ಣ ಪ್ರಮಾಣವನ್ನು ಬಿಡುವಿಲ್ಲದೆ ಕೊಡುವ ಇಂಥ ವಿಧಾನಕ್ಕೆ ಮೆಟ್ರೋನಾಮಿಕ್ ಕೀಮೋ ಎನ್ನುತ್ತಾರೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 422 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಕ್ತನಾಳಕ್ಕೆ ಸಿಸ್‌ಪ್ಲಾಟಿನ್ ಪಡೆದವರಲ್ಲಿ ಅರ್ಧದಷ್ಟು ಜನ 6.1 ತಿಂಗಳು ದಾಟಿ ಬದುಕಿದರೆ ಮಾತ್ರೆ ಪಡೆದವರಲ್ಲಿ ಅದು 7.5 ತಿಂಗಳಾಗಿತ್ತು, ತೀವ್ರವಾದ ಅಡ್ಡಪರಿಣಾಮವೂ ಮಾತ್ರೆಯಲ್ಲಿ ಕಡಿಮೆ. ಅಗ್ಗದ ಮಾತ್ರೆ ದುಬಾರಿ ಚಿಕಿತ್ಸೆಯನ್ನು ಮೀರಿಸಿದ ಉದಾಹರಣೆ ಇದು. ಆದರೆ ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟನ್ನು ತಪ್ಪಿ ದಿನವೂ ನುಂಗಿದರೆ ಒಂದೆರಡು ವಾರದಲ್ಲಿಯೇ ಪ್ರಾಣಾಪಾಯ. ಓದಲು ಬಾರದವರಿಗೆ ವಾರದ ಹೆಸರು ಬರೆದುಕೊಡುವುದಕ್ಕಿಂತ, ಊರಿನ ಸಂತೆಯ ದಿನಕ್ಕೊಂದು ಮಾತ್ರೆಯೆಂದು ಹೇಳುವುದು ಮೇಲು.

ಉಪಾಧ್ಯಾಯರು: ಅಗ್ಗದ ಮಾತ್ರೆಯೇ ಗೆದ್ದಿರುವಾಗ ತಂಗಿಗೂ ಮಾತ್ರೆಯೇ ಸಾಕಾಗಬೇಕಲ್ಲ?

ದಾದಿ: ಅಲ್ಲಿ ಗುರಿ ಬೇರೆ. ಅದು ರೋಗ ಗುಣವಾಗದಿದ್ದರೂ ನೋವು ತಗ್ಗಿಸಿ ಆಯುಸ್ಸು ಹಿಗ್ಗಿಸುವ ಉಪಶಮನ ಚಿಕಿತ್ಸೆ. ತಂಗಿಯವರದು ಗುಣಪಡಿಸುವ ಉದ್ದೇಶದ್ದು. ಗುದನಾಳದ ಗೆಡ್ಡೆಯಲ್ಲಿ ಮಾತ್ರೆಯೊಂದೇ ವಿಕಿರಣದ ಜಾಗದಲ್ಲಿ ನಿಲ್ಲುವುದಿಲ್ಲ; ಕಿರಣದ ಏಟು ಗೆಡ್ಡೆಗೆ ಹೆಚ್ಚು ತಾಗುವಂತೆ ಮಾಡುವುದಕ್ಕಾಗಿ ಅದನ್ನು ಕಿರಣದ ದಿನಗಳಲ್ಲಿ ಕೊಡುತ್ತಾರೆ. ಇನ್ನು ಎರಡನೆಯ ದಾರಿಯಲ್ಲಿ ಐದು ದಿನಕ್ಕೆ 25 ಗ್ರೇ ಮುಗಿದ ಮೇಲೆ ಬರುವ ಕೀಮೋ ಯಾವುದು? ಬಹುತೇಕ ಕೇಂದ್ರಗಳಲ್ಲಿ ಮೂರು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಡ್ರಿಪ್ ಮತ್ತು ಹದಿನಾಲ್ಕು ದಿನ ಇದೇ ಕ್ಯಾಪೆಸಿಟಬಿನ್. ಮಾತ್ರೆಯೋ ಕಿರಣವೋ ಎಂಬ ಪ್ರಶ್ನೆಯೇ ಅಲ್ಲಿಲ್ಲ, ಮೇಷ್ಟ್ರೇ. ಎರಡು ದಾರಿಯಲ್ಲಿಯೂ ಎರಡೂ ಇವೆ. ಒಂದರಲ್ಲಿ ಇಪ್ಪತ್ತೆಂಟು ದಿನದ ಓಡಾಟ, ಮಾತ್ರೆಯ ಪ್ರಮಾಣ ಕಡಿಮೆ. ಇನ್ನೊಂದರಲ್ಲಿ ಐದು ದಿನದ ಓಡಾಟ, ಆಮೇಲೆ ಮನೆಯಲ್ಲಿ ತಿಂಗಳುಗಟ್ಟಲೆ ಪೂರ್ಣ ಪ್ರಮಾಣದ ಮಾತ್ರೆ. ಯುರೋಪಿನ ರಾಪಿಡೋ ಅಧ್ಯಯನದಲ್ಲಿ ಐದು ದಿನದ ದಾರಿ ಹಿಡಿದವರಲ್ಲಿ ರೋಗ ದೂರದ ಅಂಗಗಳಿಗೆ ಹರಡುವುದು ಕಡಿಮೆಯಾಯಿತು, ಆದರೆ ಐದು ವರ್ಷದ ಹೊತ್ತಿಗೆ ಅದೇ ಜಾಗದಲ್ಲಿ ಮರುಕಳಿಸುವುದು ಸ್ವಲ್ಪ ಹೆಚ್ಚಾಗಿ ಕಂಡಿತು. ಒಂದು ಎಲ್ಲ ರೀತಿಯಲ್ಲಿಯೂ ಮೇಲೆಂದು ಹೇಳುವಂತಿಲ್ಲದ ಕಾರಣಕ್ಕೇ ವೈದ್ಯರು ಎರಡನ್ನೂ ಮುಂದಿಟ್ಟಿರುವುದು.

ಉಪಾಧ್ಯಾಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ರೋಗಿಗಳ ಹೋಲಿಕೆ ಸಾಮಾನ್ಯವಾಗಿ ಎಡವುವುದು ಇಲ್ಲಿಯೇ: ಗಂಟಲಿನ 35 ಕಂತಿನ ನೆನಪನ್ನು ಗುದನಾಳದ ಐದು ಕಂತಿಗೂ, ಕರುಳಿನ ಶಸ್ತ್ರಚಿಕಿತ್ಸೆಯ ನಂತರದ ಪೂರ್ಣ ಮಾತ್ರೆಯ ನೆನಪನ್ನು ಕಿರಣದ ಜೊತೆಗಿನ ಅಲ್ಪ ಮಾತ್ರೆಗೂ ಹೊಂದಿಸುವಾಗ. ಬಾಯಿಯ ಹುಣ್ಣು ಗುದನಾಳದ ರೋಗಿಗೆ ವಿಕಿರಣದಿಂದ ಬರುವುದಿಲ್ಲ. ಬರುವುದು ಉರಿಮೂತ್ರ, ಭೇದಿ, ಕೂರಲಾಗದ ಚರ್ಮದ ಉರಿ. ಕಂತುಗಳ ಸಂಖ್ಯೆಯೂ ಎಲ್ಲ ಕಡೆ ಒಂದೇ ಅಲ್ಲ. ಮೂಳೆಗೆ ಹರಡಿದ ಕ್ಯಾನ್ಸರ್‌ನ ನೋವಿಗೆ 8 ಗ್ರೇಯ ಒಂದೇ ಕಂತು ಹಲವು ಕಂತುಗಳಷ್ಟೇ ನೋವು ತಗ್ಗಿಸುತ್ತದೆ, ಸ್ತನ ಕ್ಯಾನ್ಸರ್‌ನಲ್ಲಿ ಐದು ವಾರದ ಜಾಗಕ್ಕೆ ಮೂರು ವಾರದ ಕ್ರಮ ಬಂದು ಬಹಳ ಕಾಲವಾಗಿದೆ. ದೂರದ ಊರಿನವರು ಕಡಿಮೆ ಕಂತಿನಲ್ಲಿ ಆಗುವುದೇ ಎಂದು ಕೇಳುವುದರಲ್ಲಿ ಸಂಕೋಚಪಡಬೇಕಾದ್ದೇನೂ ಇಲ್ಲ.

ರೈತ ಮಹಿಳೆ: ಮಳವಳ್ಳಿಯಿಂದ ಬನ್ನೂರಿನ ಮೇಲೆ ಮೈಸೂರಿಗೆ ಬಸ್ಸಿದೆ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಜೊತೆಗೆ ಹೆಂಗಸೇ ಹೋದರೆ ಇಬ್ಬರದೂ ಉಳಿಯುತ್ತದೆ. ಓಡಾಟದ ಖರ್ಚಿಗೆ ಹೆದರಿ ದಾರಿ ಆರಿಸಬೇಕಾಗಿಲ್ಲ.

ದಾದಿ: ಗಂಡಸರಿಗೂ ರೈಲಿನಲ್ಲಿ ರಿಯಾಯಿತಿಯಿದೆ, ಆಸ್ಪತ್ರೆಯಿಂದ ನಿಗದಿತ ನಮೂನೆಯ ಪತ್ರ ತಂದರೆ ಕ್ಯಾನ್ಸರ್ ರೋಗಿಗೂ ಜೊತೆಯವರಿಗೂ ಎರಡನೆಯ ದರ್ಜೆಯಲ್ಲಿ ಮುಕ್ಕಾಲು ಪಾಲು ಬಿಡುತ್ತಾರೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ. ಕೂಲಿ ತಪ್ಪಿದ ದಿನಗಳ ಲೆಕ್ಕ ಮಾತ್ರ ಯಾವ ಯೋಜನೆಯಲ್ಲಿಯೂ ಇಲ್ಲ. ಮಂಡ್ಯದ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಮೊದಲು ವಿಚಾರಿಸಿ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೇ ಎಲ್ಲರೂ ಹೋಗಬೇಕೆಂದಿಲ್ಲ. ಯಂತ್ರ ಯಾವುದೆಂದೂ ಕೇಳಿ. ಕೋಬಾಲ್ಟ್ ಯಂತ್ರದ ಮೂಲದ್ರವ್ಯ ಐದೂಕಾಲು ವರ್ಷಕ್ಕೆ ಅರ್ಧ ಶಕ್ತಿಗೆ ಇಳಿಯುವುದರಿಂದ ಹಳೆಯದಾದಷ್ಟೂ ಮೇಜಿನ ಮೇಲೆ ಹೆಚ್ಚು ಹೊತ್ತು ಮಲಗಬೇಕು. ವಿದ್ಯುತ್ತಿನಿಂದ ನಡೆಯುವ ಲೀನಿಯರ್ ಆಕ್ಸಿಲರೇಟರಿನಲ್ಲಿ ಆ ತೊಡಕಿಲ್ಲ, ಪಕ್ಕದ ಅಂಗಗಳನ್ನು ಉಳಿಸಿ ಕಿರಣ ಬಿಡುವುದೂ ಸುಲಭ. ಇಷ್ಟಾದ ಮೇಲೆ ಒಂದು ಮಾತು ಉಳಿಯಿತು. ತಂಗಿಯವರು ಏನು ಹೇಳುತ್ತಾರೆ?

ಉಪಾಧ್ಯಾಯರು: ಅಣ್ಣ ಹೇಳಿದ ಹಾಗೆ ಎಂದಿದ್ದಾಳೆ.

ರೈತ ಮಹಿಳೆ: ಅದು ಉತ್ತರವಲ್ಲ, ಮೇಷ್ಟ್ರೇ. ಮನೆಯಲ್ಲಿ ಯಾರಿದ್ದಾರೆ?

ಉಪಾಧ್ಯಾಯರು: ಸೊಸೆ ಇದ್ದಾಳೆ, ಬಸುರಿ. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ, ಶನಿವಾರ ಬರುತ್ತಾನೆ.

ದಾದಿ: ಹಾಗಿದ್ದರೆ ತಿಂಗಳುಗಟ್ಟಲೆ ಮಾತ್ರೆ ನೋಡಿಕೊಳ್ಳುವ ಮನೆ ಅದಲ್ಲದಿರಬಹುದು, ದಾರಿಯ ಭಾರ ಹೊತ್ತು, ದಿನವೂ ಆಸ್ಪತ್ರೆಯವರ ಕಣ್ಣಿಗೆ ಬೀಳುವ ಐದೂವರೆ ವಾರವೇ ಅವರಿಗೆ ಹೊಂದಬಹುದು. ಮುಂದೆ ಮಾತ್ರೆ ಬೇಕಾದರೂ ಅಷ್ಟರಲ್ಲಿ ಬಾಣಂತನ ಮುಗಿದಿರಬಹುದು. ತೀರ್ಮಾನ ವೈದ್ಯರದೂ ತಂಗಿಯವರದೂ. ಆದರೆ ಸೊಸೆ ಬಸುರಿಯೆಂಬುದು, ಮಗ ಶನಿವಾರ ಮಾತ್ರ ಬರುತ್ತಾನೆಂಬುದು ವೈದ್ಯರ ಕಿವಿಗೆ ಬೀಳಲೇಬೇಕು. ರಿಪೋರ್ಟಿನಲ್ಲಿ ಅದು ಬರೆದಿರುವುದಿಲ್ಲ.

ರೈತ ಮಹಿಳೆ: ಇನ್ನೊಂದನ್ನು ಕೇಳಬೇಕು. ಶಸ್ತ್ರಚಿಕಿತ್ಸೆಯ ಮೇಲೆ ಮಲ ಹೋಗುವ ದಾರಿ ಉಳಿಯುತ್ತದೆಯೋ, ಹೊಟ್ಟೆಗೆ ಚೀಲ ಇಡುತ್ತಾರೋ, ಇಟ್ಟರೆ ಕೆಲವು ತಿಂಗಳಿಗೋ ಜೀವಮಾನಕ್ಕೋ ಎಂಬುದು. ಗುದನಾಳದ ಕಾಯಿಲೆಯ ಹೆಂಗಸರು ರಾತ್ರಿ ನಿದ್ದೆಗೆಡುವುದು ಅದೊಂದಕ್ಕೇ. ಅಣ್ಣನ ಮುಂದೆ ತಂಗಿ ಅದನ್ನು ಬಾಯಿಬಿಟ್ಟು ಕೇಳುವುದಿಲ್ಲ.

ದಾದಿ: ಗೆಡ್ಡೆ ಗುದದ್ವಾರಕ್ಕೆ ಎಷ್ಟು ಹತ್ತಿರದಲ್ಲಿದೆ, ವಿಕಿರಣದಿಂದ ಎಷ್ಟು ಕುಗ್ಗುತ್ತದೆ ಎಂಬುದರ ಮೇಲೆ ಅದು ನಿಂತಿದೆ. ಎರಡು ದಾರಿಗಳನ್ನು ತೂಗುವಾಗ ಕೇಳಲೇಬೇಕಾದ ಪ್ರಶ್ನೆ ಅದು, ಆಮೇಲೆ ಕೇಳುವುದಲ್ಲ.

ಉಪಾಧ್ಯಾಯರು ಇದನ್ನು ಯೋಚಿಸಿಯೇ ಇರಲಿಲ್ಲ. ಸೋಮವಾರ ಮೈಸೂರಿಗೆ ಹೋಗುವಾಗ ತಾವು ಹೊರಗಿನ ಬೆಂಚಿನಲ್ಲಿ ಕುಳಿತು, ವೈದ್ಯರ ಕೋಣೆಗೆ ತಂಗಿಯೊಂದಿಗೆ ರೈತ ಮಹಿಳೆಯನ್ನು ಕಳುಹಿಸುವುದೆಂದು ಅವರು ಒಪ್ಪಿದರು. ಆ ವಾರ ಆಕೆಯ ಮಾತ್ರೆಯ ಬಿಡುವಿನ ವಾರವಾಗಿತ್ತು.